ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತಿದ್ದದ್ದು

ನನಗೆ ಹೃದಯಾಘಾತವಾಗಿ ಎಂಬತ್ತು ಚಿಲ್ಲರೆ ದಿನ ಕಳೆದ ಮೇಲೆ ಆ ಸುದ್ದಿ ನನ್ನ ಕಿವಿಗೆ ಬಿತ್ತು. ಹೇಳಿದವರು ಡಾಕ್ಟರಲ್ಲ, ಕಟ್ಟಿಕೊಂಡ ಗಂಡನಲ್ಲ, ಹೆತ್ತ ಮಗಳೂ ಅಲ್ಲ. ಬಾಣಂತಿ ಮೊಮ್ಮಗಳ ಪಾಲಿನ ಮೊಟ್ಟೆ ಇಸಿದುಕೊಂಡು ಹೋಗಲು ಬಂದಿದ್ದ ಒಬ್ಬ ಅಜ್ಜಿ. ಅದೂ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಮಳೆ ಬರೋ ಹಾಗಿದೆ ಅಂತ ಹೇಳುವಷ್ಟು ಸಲೀಸಾಗಿ ಹೇಳಿದರು.

ಇದನ್ನೆಲ್ಲ ಬರೆಯಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಮನೆ ಮಾತು ಬೀದಿಗೆ ತರಬಾರದಂತೆ. ಬೀದಿಯವರಿಗೆಲ್ಲ ಗೊತ್ತಾದ ಮೇಲೆ ತಾನೆ ಮನೆಯವಳಾದ ನನಗೆ ಗೊತ್ತಾದದ್ದು? ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಂಗನವಾಡಿ ಟೀಚರು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು ಎರಡು ಮೈಲಿ ಒಳಕ್ಕೆ ನಡೆದರೆ ನಮ್ಮ ಊರು. ಇಪ್ಪತ್ತಾರು ವರ್ಷಗಳಿಂದ ಆ ಊರಿನ ಮಕ್ಕಳನ್ನು ತೂಗಿದ್ದೇನೆ. ತೂಕ ಕಮ್ಮಿ ಬಂದರೆ ತಾಯಿಯ ಮುಖಕ್ಕೇ ಹೇಳಿದ್ದೇನೆ. ‘ನಿನ್ನ ಕೂಸು ಸೊರಗ್ತಾ ಅದೆ ಕಣವ್ವ. ಅಳ್ತಾ ಕೂರ್ಬೇಡ, ಮೊಟ್ಟೆ ತಿನ್ಸು.’ ಕೆಲವರು ಅತ್ತಿದ್ದಾರೆ. ಕೆಲವರು ನನ್ನ ಕಣ್ಣೇ ಸರಿಯಿಲ್ಲ, ಮಗುವಿಗೆ ದೃಷ್ಟಿಯಾಯಿತು ಅಂತ ಬೈದುಕೊಂಡು ಹೋಗಿದ್ದಾರೆ. ಆದರೆ ಒಂದೇ ಒಂದು ಮಗುವಿನ ತೂಕವನ್ನೂ ನಾನು ಅದರ ತಾಯಿಯಿಂದ ಮುಚ್ಚಿಟ್ಟಿಲ್ಲ. ಬಾಯಿ ಜೋರು ಅಂತ ಊರಿನಲ್ಲಿ ನನಗೆ ಹೆಸರಿದೆ. ಇರಲಿ ಬಿಡಿ.

ಎರಡು ವರ್ಷದ ಹಿಂದೆ ಹೊಗೆಸೊಪ್ಪಿನ ಸಸಿ ನಾಟಿ ಮುಗಿಯುವ ಹೊತ್ತಿಗೆ, ಕೇಂದ್ರಕ್ಕೆ ಹೋಗುವ ಏರಿನಲ್ಲಿ ನನಗೆ ಎದೆ ಹಿಡಿದುಕೊಳ್ಳತೊಡಗಿತು. ಮೈಸೂರಿನ ಆಸ್ಪತ್ರೆಯಲ್ಲಿ ನೋಡಿದರು. ಹೃದಯಕ್ಕೆ ರಕ್ತ ಕೊಂಡೊಯ್ಯುವ ನಾಳ ಮೂರು ಕಡೆ ಕಟ್ಟಿದೆ, ಬೈಪಾಸ್ ಆಗಬೇಕು ಅಂದರು. ನೋಡಲು ಬಂದವರಿಗೆಲ್ಲ ಒಂದೇ ಅನುಮಾನ. ಬೀಡಿ ಇಲ್ಲ, ಸಿಗರೇಟಿಲ್ಲ, ಹೆಂಗಸಿಗೆ ಹೇಗೆ ಬಂತು ಇದು? ಒಬ್ಬರು ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಹೊಗೆ ಅಂದರು. ಇನ್ನೊಬ್ಬರು ಸಿಟ್ಟು ಅಂದರು. ಹತ್ತು ವರ್ಷದಿಂದ ನನಗೆ ಶುಗರ್ ಇದೆ, ಬಿ.ಪಿ. ಇದೆ. ಅದನ್ನು ಹೇಳಿದರೆ ಯಾರಿಗೂ ರುಚಿಸಲಿಲ್ಲ. ಸಿಟ್ಟೇ ಕಾರಣ ಅಂತ ಒಮ್ಮತವಾಯಿತು.

ಆಪರೇಷನ್ ಆಯಿತು. ಎದೆಮೂಳೆ ಸೀಳಿ, ಕಾಲಿನಿಂದ ರಕ್ತನಾಳ ತೆಗೆದು, ಹೃದಯಕ್ಕೆ ಮೂರು ಹೊಸ ದಾರಿ ಹೊಲಿದರು. ಎಚ್ಚರವಾದಾಗ ಬಾಯಲ್ಲಿ ಕೊಳವೆ, ಕತ್ತಿನಲ್ಲಿ ಕೊಳವೆ, ಹೊಟ್ಟೆಯ ಮೇಲೆ ಎರಡು. ಕೆಮ್ಮು ಬಂದರೆ ದಿಂಬು ತಬ್ಬಿಕೊಂಡು ಕೆಮ್ಮಬೇಕು. ಆ ನೋವು ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಉಸಿರು ಎಳೆದರೆ ಉರಿ, ಮಗ್ಗುಲಾದರೆ ಉರಿ, ನಕ್ಕರಂತೂ ಜೀವ ಬಾಯಿಗೆ ಬರುತ್ತದೆ.

ಎರಡನೆಯ ದಿನ ಮಧ್ಯಾಹ್ನ ಬಂದದ್ದು ಆ ನೋವಲ್ಲ. ಉರಿಯಲಿಲ್ಲ, ಕುಟುಕಲಿಲ್ಲ. ಎದೆಯ ಮೇಲೆ ಯಾರೋ ಬೀಸುಕಲ್ಲು ತಂದಿಟ್ಟ ಹಾಗೆ ಭಾರ. ಅದು ದವಡೆಗೆ ಹತ್ತಿತು, ಎಡತೋಳಿಗೆ ಇಳಿಯಿತು. ಮೈಯೆಲ್ಲ ತಣ್ಣಗೆ ಬೆವರಿತು. ನರ್ಸ್ ಹುಡುಗಿಯನ್ನು ಕರೆದೆ. ಕೇರಳದವಳು, ಪಾಪ, ಕನ್ನಡವನ್ನು ಮಲೆಯಾಳದ ರಾಗದಲ್ಲಿ ಆಡುತ್ತಿದ್ದಳು.

‘ಸ್ಟಿಚ್ ಇದೆಯಲ್ಲಾ ಅಮ್ಮಾ, ನೋವು ಇರ್ತದೆ’ ಅಂದಳು.

‘ನೋಡು ಮಗ, ಹೊಲಿಗೆ ನೋವು ಯಾವುದು ಅಂತ ನಿನ್ನೆಯಿಂದ ನಾನೇ ಅನುಭವಿಸ್ತಾ ಇದೀನಿ. ಇದು ಅದಲ್ಲ. ಇದು ಬೇರೆ. ಹೋಗಿ ಕರಿ ಯಾರನ್ನಾದ್ರೂ’ ಅಂದೆ. ಅಂದೆನೋ, ಅರಚಿದೆನೋ.

ಆ ಹುಡುಗಿ ನನ್ನ ಮುಖವನ್ನೊಮ್ಮೆ ನೋಡಿ ಓಡಿದಳು. ಅವಳಿಗೆ ಪುಣ್ಯ ಬರಲಿ. ಎದೆಗೆ ವೈರು ಅಂಟಿಸಿದರು, ನಾಲ್ಕೈದು ಜನ ಸೇರಿದರು, ಮಂಚ ಉರುಳಿತು. ಸೂಜಿ ಚುಚ್ಚಿದ್ದು ನೆನಪಿದೆ. ಅಲ್ಲಿಂದ ಮುಂದೆ ನನಗೇನೂ ನೆನಪಿಲ್ಲ.

ಮಾರನೆಯ ದಿನ ಗಂಡನನ್ನು ಒಳಗೆ ಬಿಟ್ಟರು. ನನ್ನ ಗಂಡ ಮೃದು ಮನುಷ್ಯ. ಮೂವತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ, ಒಂದು ಸುಳ್ಳು ಹೇಳಿದವರೂ ಅಲ್ಲ. ಹಾಗಂತ ನಾನು ನಂಬಿದ್ದೆ. ‘ಏನಾಯ್ತು ನಂಗೆ?’ ಅಂತ ಕೇಳಿದೆ.

ಅವರು ನನ್ನನ್ನು ನೋಡಲಿಲ್ಲ, ಮೇಲೆ ನೇತುಹಾಕಿದ್ದ ಗ್ಲೂಕೋಸ್ ಬಾಟಲಿಯನ್ನು ನೋಡಿದರು. ‘ಗ್ಯಾಸ್ ತುಂಬ್ಕಂಡಿತ್ತಂತೆ ಕಣೆ. ಈಗ ಸರಿ ಹೋಯ್ತು. ನೀನು ಜಾಸ್ತಿ ಮಾತಾಡ್ಬೇಡ’ ಅಂದರು.

ನಂಬಿದೆ. ಯಾಕೆ ನಂಬಬಾರದು? ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಗ್ಯಾಸೇ. ಗ್ಯಾಸಿನಿಂದ ಸತ್ತವರೂ ನಮ್ಮ ಊರಿನಲ್ಲಿ ಏಳೆಂಟು ಜನ ಇದ್ದಾರೆ.

ನಡೆದದ್ದು ಇಷ್ಟು, ಇದನ್ನು ನಾನು ಆಮೇಲೆ ಒಬ್ಬೊಬ್ಬರ ಬಾಯಿಂದ ಕಿತ್ತು ಕೂಡಿಸಿಕೊಂಡದ್ದು. ಡಾಕ್ಟರು ಹೊರಗೆ ಬಂದು ಮನೆಯವರಿಗೆ ವಿಷಯ ಹೇಳಿದ್ದಾರೆ. ನನ್ನ ಗಂಡನ ಅಣ್ಣ, ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಭಾವ, ನಮ್ಮ ವಂಶಕ್ಕೆಲ್ಲ ಆಸ್ಪತ್ರೆ ವ್ಯವಹಾರ ಬಲ್ಲವರು. ಅವರು ಅಲ್ಲೇ ತೀರ್ಮಾನ ಕೊಟ್ಟಿದ್ದಾರೆ: ‘ಅವ್ಳಿಗೆ ಹೇಳೂದ್ ಬ್ಯಾಡ. ಎದೆ ಈಗ್ಲೇ ಅಂಗಿರೋವಾಗ ಕೇಳ್ಬುಟ್ಟು ಎದ್ರುಕಂಡ್ರೆ ಇನ್ನೊಂದ್ಸಲ ಆಯ್ತದೆ.’ ಡಾಕ್ಟರಿಗೂ ಕೈಮುಗಿದು, ನಾವೇ ನಿಧಾನವಾಗಿ ಹೇಳುತ್ತೇವೆ ಅಂದಿದ್ದಾರೆ. ಡಾಕ್ಟರು, ಹೇಳಲೇಬೇಕು, ಬೇಗ ಹೇಳಿ ಅಂದರಂತೆ. ಆ ನಿಧಾನ ಎಂಬತ್ತು ದಿನ ದಾಟಿತು. ಇಂಗ್ಲಿಷಿನಲ್ಲಿದ್ದ ಡಿಸ್ಚಾರ್ಜ್ ಕಾಗದಗಳ ಫೈಲು ‘ಭದ್ರವಾಗಿರಲಿ’ ಅಂತ ಭಾವನ ಬೀರು ಸೇರಿತು.

ಮನೆಗೆ ಬಂದೆ. ಬ್ರೆಡ್ಡು, ಸೇಬು, ಮೂಸಂಬಿ ಹಿಡಿದು ಜನ ಬಂದರು. ಎಚ್.ಡಿ. ಕೋಟೆಗೆ ಕೊಟ್ಟಿರುವ ಮಗಳು ತಿಂಗಳು ಪೂರ್ತಿ ಇದ್ದು ನೋಡಿಕೊಂಡಳು. ಬಂದವರು ಜಗಲಿಯಲ್ಲಿ ಗುಸುಗುಸು ಮಾತಾಡಿ, ಆಮೇಲೆ ಹಲ್ಲು ಬಿಟ್ಟುಕೊಂಡು ಒಳಗೆ ಬರುತ್ತಿದ್ದರು. ‘ಚೆನ್ನಾಗಿ ಕಾಣ್ತೀಯ ಕಣವ್ವ’ ಅನ್ನುತ್ತಿದ್ದರು. ಇಷ್ಟು ಜನರಿಗೆ ನನ್ನ ಮೇಲೆ ಇಷ್ಟು ಪ್ರೀತಿ ಇತ್ತಾ ಅಂತ ನನಗೇ ಸಂಕೋಚವಾಗುತ್ತಿತ್ತು.

ಎರಡನೆಯ ತಿಂಗಳಿನಲ್ಲಿ ದಿನಾ ನಡೆಯಬೇಕು ಅಂದಿದ್ದರು, ನಡೆದೆ. ಸಮತಟ್ಟಿನಲ್ಲಿ ಸರಿ ಇತ್ತು. ಏರು ಬಂದರೆ ಅದೇ ಭಾರ, ಅದೇ ದವಡೆ. ನಿಂತರೆ ಹೋಗುತ್ತಿತ್ತು. ಮನೆಗೆ ಬಂದು ಓಮಿನ ಕಾಳು ಕುದಿಸಿ ನೀರು ಕುಡಿಯುತ್ತಿದ್ದೆ. ಗ್ಯಾಸ್ ಅಂದಮೇಲೆ ಓಮಿನ ನೀರು ತಾನೆ?

ನನ್ನ ಗಂಡನಿಗೆ ಹೇಳಿದಾಗಲೆಲ್ಲ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ‘ನಡಿ, ಡಾಕ್ಟ್ರತ್ರ ಹೋಗ್ಬರಾಣ’ ಅನ್ನುತ್ತಿದ್ದರು.

‘ಬುಡ್ರಿ, ಗ್ಯಾಸಿಗೆ ಯಾರಾದ್ರೂ ಮೈಸೂರಿಗೆ ಹೋಯ್ತಾರಾ? ಮೂರ್ ತಿಂಗ್ಳಿಗೆ ಬನ್ನಿ ಅಂದಿದಾರಲ್ಲ, ಆಗ ಹೇಳಿದ್ರಾಯ್ತು.’

‘ಅಂಗಲ್ಲ ಕಣೆ...’

‘ಅಂಗಲ್ಲ ಅಂದ್ರೆ ಇನ್ನೆಂಗೆ?’

ಆ ಮನುಷ್ಯ ಹೊಲದ ಕಡೆ ಹೋಗಿಬಿಡುತ್ತಿದ್ದರು. ಯೋಚನೆ ಮಾಡಿ. ನನ್ನನ್ನು ಒಪ್ಪಿಸಿ ಕರೆದುಕೊಂಡು ಹೋಗಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ನಾನು ಸತ್ತುಹೋಗುತ್ತೇನೆ ಅಂತ ಅವರಣ್ಣ ಹೆದರಿಸಿದ್ದಾರೆ. ಹೇಳದೇ ಇದ್ದರೂ ನಾನು ಸಾಯಬಹುದು. ಈಗ ಅದನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ಆಗ ನನಗೇನು ಗೊತ್ತು? ಗಂಡಸರಿಗೆ ಹೆಂಡತಿ ಹುಷಾರಾದರೂ ಗಾಬರಿಯೇ ಅಂತ ಆಡಿಕೊಂಡೆ.

ಮೂರನೆಯ ತಿಂಗಳು ಯಾರ ಮಾತನ್ನೂ ಕೇಳದೆ ಕೇಂದ್ರಕ್ಕೆ ಹೋದೆ. ಭಾರ ಎತ್ತುವುದೆಲ್ಲ ಸಹಾಯಕಿಯ ಪಾಲಿಗೆ, ನಾನು ಬರೀ ಕುಳಿತು ಬರೆಯುವುದು ಅಂತ ಒಪ್ಪಂದವಾಗಿತ್ತು. ಎರಡನೆಯ ದಿನವೇ ಆ ಅಜ್ಜಿ ಬಂದದ್ದು. ಮೊಟ್ಟೆಯನ್ನು ಸೆರಗಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೇಳಿದರು:

‘ಗಟ್ಟಿ ಜೀವ ಬುಡ್ರವ್ವ ನಿಮ್ದು. ಆಪ್ರೇಸನ್ ಆದ್ಮ್ಯಾಲೂ ಆರ್ಟ್ ಅಟ್ಯಾಕ್ ಆಗಿ, ಅದ್ರಲ್ಲೂ ಉಳ್ಕಂಡ್ ಬಂದ್ರಲ್ಲ, ದೇವ್ರು ದೊಡ್ಡೋನು.’

‘ಯಾರಿಗಜ್ಜಿ ಆಗಿದ್ದು?’

ಅಜ್ಜಿ ನನ್ನನ್ನೊಮ್ಮೆ, ಸಹಾಯಕಿಯನ್ನೊಮ್ಮೆ ನೋಡಿದರು. ಸಹಾಯಕಿ ಒಲೆಯ ಕಡೆ ತಿರುಗಿಕೊಂಡಳು. ಹದಿನೈದು ವರ್ಷದಿಂದ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಕಡಲೆಪುರಿ ತಿಂದವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಊದತೊಡಗಿದಳು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಕ್ಕಳನ್ನು ಅವಳಿಗೆ ಒಪ್ಪಿಸಿ ಮನೆಗೆ ನಡೆದೆ. ನಿಧಾನವಾಗಿಯೇ ನಡೆದೆ, ಯಾಕೆಂದರೆ ಈಗ ನನ್ನ ಎದೆಯಲ್ಲಿ ಏನಿದೆ ಅಂತ ಗೊತ್ತಾಗಿತ್ತು. ಮನೆಯ ಪಕ್ಕದ ನಮ್ಮ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂಲಿಯ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದರು. ನನ್ನ ಗಂಡ ಕಟ್ಟಿದ ಕಡ್ಡಿಗಳನ್ನು ಒಳಗೆ ಸಾಗಿಸುತ್ತಿದ್ದರು. ಎಲ್ಲರೂ ನನ್ನನ್ನು ನೋಡಿದರು. ನನಗೆ ಕೂಗಾಡಬೇಕು ಅನ್ನಿಸಿತ್ತು. ಬಾಯಿಗೆ ಬಂದದ್ದು ಮಾತ್ರ ದಿನಾ ಮಕ್ಕಳ ಮುಂದೆ ಆಡುವ ಮಾತು.

‘ನಂಗೆ ಆಸ್ಪತ್ರೇಲಿ ಹಾರ್ಟ್ ಅಟ್ಯಾಕ್ ಆಗಿತ್ತು ಅಂತ ಯಾರ್ಯಾರಿಗೆ ಗೊತ್ತು? ಗೊತ್ತಿರೋರು ಕೈ ಎತ್ತಿ.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತುದಿಯಲ್ಲಿ ಕೂತಿದ್ದವಳ ಕೈ ಮೇಲೆ ಹೋಯಿತು. ಅವಳ ಪಕ್ಕದವಳದ್ದು. ಅವಳ ಪಕ್ಕದವಳದ್ದು. ಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಎಂಟು ಕೈ. ಅದರಲ್ಲಿ ಇಬ್ಬರು ನನ್ನ ಕೇಂದ್ರದಲ್ಲೇ ಅಕ್ಷರ ತಿದ್ದಿದವರು. ಕೊನೆಗೆ, ಕಡ್ಡಿಯನ್ನು ಕೆಳಗಿಟ್ಟು, ನನ್ನ ಗಂಡ ಕೂಡ ಕೈ ಎತ್ತಿದರು.

ನಗು ಬಂತು. ನಿಜವಾಗಿಯೂ ಬಂತು. ನಗುತ್ತಾ ನಗುತ್ತಾ ಅಳು ಬಂತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನೀರು ಕುಡಿಯುವ ನೆಪದಲ್ಲಿ ಜಾರಿಕೊಂಡರು.

‘ಎಂಟು ಜನ ಕೂಲಿಯೋರಿಗೆ ಹೇಳಿದ್ರಿ. ನಂಗೆ ಹೇಳ್ಲಿಲ್ಲ. ನನ್ನೆದೆ ಕಣ್ರೀ ಅದು, ಊರಿನ ಕೆರೆ ಅಲ್ಲ’ ಅಂದೆ.

‘ನೀನು ಎದ್ರುಕತೀಯಾ ಅಂತ...’

‘ನಾನು ಯಾವತ್ ಹೆದ್ರಿದೀನಿ? ಹೆದ್ರಿದ್ದು ನೀವು!’

ಆಗ ಆ ಮೃದು ಮನುಷ್ಯ ಒಂದು ಮಾತು ಹೇಳಿದರು. ದನಿ ಎತ್ತರಿಸಲಿಲ್ಲ. ‘ಊಂ, ಎದ್ರುದ್ದು ನಾನೇ. ನಿಮ್ಮವ್ವಂಗೆ ನೀನು ಹೇಳಿದ್ಯಾ?’

ಈ ಮಾತು ಬಿಟ್ಟು ಬರೆಯೋಣ ಅಂದುಕೊಂಡಿದ್ದೆ. ಬಿಟ್ಟರೆ ನಾನೂ ಅವರ ಸಾಲಿಗೇ ಸೇರುತ್ತೇನೆ. ನನ್ನ ತವರು ಭೇರ್ಯದ ಹತ್ತಿರ. ಅವ್ವನಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಅಣ್ಣತಮ್ಮಂದಿರೂ ನಾನೂ ಸೇರಿ ಅವಳಿಗೆ ಹೇಳಿದ್ದು ಹುಣ್ಣು ಅಂತ, ಮಾತ್ರೆ ತಗೊಂಡರೆ ಮಾಯುತ್ತೆ ಅಂತ. ಅವ್ವ ಏಳು ತಿಂಗಳು ಬದುಕಿದ್ದಳು. ಕೊನೆಕೊನೆಗೆ ನನ್ನ ಕೈ ಹಿಡಿದುಕೊಂಡು, ‘ಇದ್ಯಾಕವ್ವ ವಾಸಿಯಾಗ್ದು? ನಾನೇನಾರ ಪಥ್ಯ ತಪ್ಪುದ್ನಾ?’ ಅಂತ ಕೇಳಿದಳು. ತನ್ನದೇ ತಪ್ಪು ಅಂದುಕೊಂಡು ಸತ್ತಳು. ಮಕ್ಕಳ ತೂಕವನ್ನು ತಾಯಿಯ ಮುಖಕ್ಕೆ ಹೇಳುವ ಗಟ್ಟಿಗಿತ್ತಿ ನಾನು. ನನ್ನ ತಾಯಿಗೆ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.

‘ಹೇಳ್ಲಿಲ್ಲ’ ಅಂದೆ. ‘ಅದುಕ್ಕೇ ಹೇಳ್ತಾ ಇದೀನಿ. ಅದು ಪ್ರೀತಿ ಅಂತ ನಾನೂ ಅಂದ್ಕಂಡಿದ್ದೆ. ಅಲ್ಲ ಕಣ್ರೀ. ನಡೀರಿ ಈಗ.’

ಭಾವನಿಗೆ ನಾನೇ ಫೋನು ಮಾಡಿದೆ. ನಾಳೆ ಬೆಳಗ್ಗೆ ಫೈಲು ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲಿರಬೇಕು ಅಂದೆ. ‘ನಿನ್ನ ಒಳ್ಳೇದಕ್ಕೇ ಕಣವ್ವ...’ ಅಂತ ಶುರು ಮಾಡಿದರು. ‘ಒಳ್ಳೇದೋ ಕೆಟ್ಟದ್ದೋ ಓದಿ ನೋಡ್ತೀನಿ, ನೀವು ತನ್ನಿ ಭಾವ’ ಅಂದೆ. ಮದುವೆಯಾದಾಗಿನಿಂದ ಅವರ ಮಾತಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಮಾರನೆಯ ದಿನ ನಮಗಿಂತ ಮುಂಚೆ ಬಂದು ನಿಂತಿದ್ದರು.

ಡಾಕ್ಟರು ಫೈಲು ನೋಡಿ, ರೂಢಿಯ ಹಾಗೆ ಭಾವನ ಕಡೆ ತಿರುಗಿ ಮಾತು ಶುರು ಮಾಡಿದರು. ‘ಡಾಕ್ಟ್ರೇ, ಎದೆ ಈ ಕಡೆ ಇದೆ’ ಅಂದೆ. ಅವರು ನನ್ನನ್ನು ನೋಡಿದರು, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಅದಾದ ಮೇಲೆ ಪೂರ್ತಿ ನನಗೇ ಹೇಳಿದರು, ಒಂದು ಹಾಳೆಯ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ಹೊಲಿದ ಮೂರು ದಾರಿಯಲ್ಲಿ ಒಂದು, ಎರಡನೆಯ ದಿನವೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಅದಕ್ಕೇ ಹೃದಯಾಘಾತ. ಆ ದಾರಿಯನ್ನು ಅವತ್ತು ಪೂರ್ತಿ ತೆರೆಯಲು ಆಗಲಿಲ್ಲ, ಔಷಧಿಯಲ್ಲಿ ಉಳಿಸಿದರು. ಹೃದಯದ ಒಂದು ಮೂಲೆಗೆ ಪೆಟ್ಟಾಗಿದೆ.

‘ಯಾರ ತಪ್ಪು?’ ಅಂದೆ.

‘ಯಾರ ತಪ್ಪೂ ಅಲ್ಲಮ್ಮ. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಹೀಗಾಗುತ್ತೆ. ಆಪರೇಷನ್ ಮಾಡಿದ್ದೇ ಇದು ಆಗದಿರಲಿ ಅಂತ, ಆದರೂ ಆಗುತ್ತೆ.’

‘ನನ್ನ ಸಿಟ್ಟಿನಿಂದ ಅಲ್ವಾ?’

ಅವರು ನಕ್ಕುಬಿಟ್ಟರು. ‘ನಿಮ್ಮ ಸಿಟ್ಟಿನಿಂದಲೇ ಸಿಸ್ಟರ್ ಅವತ್ತು ಓಡಿ ಬಂದದ್ದು.’

ನಾನು ಭಾವನ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಏರಿನಲ್ಲಿ ಬರುವ ಭಾರದ ವಿಷಯ ಹೇಳಿದೆ. ಓಮಿನ ನೀರಿನ ವಿಷಯವನ್ನೂ ಹೇಳಿದೆ. ಡಾಕ್ಟರ ನಗು ನಿಂತಿತು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದರು. ಉತ್ತರ ಕೊಡಬೇಕಾದವರು ನನ್ನ ಎಡಬಲದಲ್ಲಿ ಕೂತಿದ್ದರು. ಅವತ್ತೇ ಸೇರಿಸಿಕೊಂಡರು. ಮತ್ತೆ ಆಂಜಿಯೋಗ್ರಾಂ, ಆಗುವುದಾದರೆ ನನ್ನ ಹಳೆಯ ನಾಳದೊಳಗೇ ಒಂದು ಸ್ಟೆಂಟ್.

ಮಂಚದ ಹತ್ತಿರ ನರ್ಸ್ ಒಪ್ಪಿಗೆಯ ಕಾಗದ ತಂದರು. ಕೈ ನೇರವಾಗಿ ಭಾವನ ಕಡೆ ಹೋಯಿತು. ಭಾವ ಜೇಬಿನಿಂದ ಪೆನ್ನು ತೆಗೆದೇಬಿಟ್ಟಿದ್ದರು.

‘ಇತ್ತಾಗಿ ಕೊಡಿ’ ಅಂದೆ.

‘ನಿಮ್ಮ ಸಹಿನೂ ಬೇಕು ಮೇಡಂ, ಕೊನೆಯಲ್ಲಿ ತಗೋತೀವಿ.’

‘ಕೊನೇಲಿ ಬ್ಯಾಡ. ಮೊದ್ಲು.’

ಹೋದ ಸಲವೂ ನಾನು ಸಹಿ ಹಾಕಿದ್ದೆ. ಭಾವ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹಾಕಿ ಕೊಟ್ಟಿದ್ದೆ. ಒಂದು ಸಾಲನ್ನೂ ಓದಿರಲಿಲ್ಲ. ಊರಿನ ತಾಯಂದಿರಿಗೆಲ್ಲ ‘ಓದಿ ಸಹಿ ಹಾಕ್ರಮ್ಮ’ ಅಂತ ಗದರುವವಳು ನಾನೇ. ಈ ಸಲ ಕನ್ನಡಕ ಹಾಕಿಕೊಂಡೆ. ಕಾಗದ ಕನ್ನಡದಲ್ಲೇ ಇತ್ತು. ಗಟ್ಟಿಯಾಗಿ ಓದಿದೆ, ಪಕ್ಕದ ಮಂಚದವರೂ ಕೇಳಲಿ ಅಂತ. ರಕ್ತಸ್ರಾವ ಆಗಬಹುದು. ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಪಾರ್ಶ್ವವಾಯು ಆಗಬಹುದು. ಚಿಕಿತ್ಸೆಯ ಸಮಯದಲ್ಲಿ ಅಥವಾ ನಂತರ ಹೃದಯಾಘಾತ ಆಗಬಹುದು.

‘ಇದು ಹೋದ್ಸಲದ ಕಾಗದದಲ್ಲೂ ಇತ್ತಾ?’ ಅಂತ ನರ್ಸನ್ನು ಕೇಳಿದೆ.

‘ಇರುತ್ತೆ ಮೇಡಂ. ಎಲ್ಲದರಲ್ಲೂ ಇರುತ್ತೆ.’

ನನ್ನ ಗಂಡ ಮಂಚದ ಕಂಬಿ ಹಿಡಿದುಕೊಂಡರು. ‘ಅವತ್ತೇ ಬರ್ದಿದ್ರಾ ಇದ್ನ?’ ಅಂದರು. ‘ನಾನು ರುಜು ಆಕುದ್ನಲ್ಲ, ಅದ್ರಲ್ಲೇ ಇತ್ತಾ?’

‘ಇತ್ತಂತೆ. ನೀವೂ ರುಜು ಹಾಕುದ್ರಿ, ನಾನೂ ಹಾಕ್ದೆ. ಇಬ್ರೂ ಓದ್ಲಿಲ್ಲ.’

ಕಡೆಯ ಸಾಲಿಗೆ ಬಂದೆ. ಅವರು ಮುಂದಿನ ಪದವನ್ನು ಕಣ್ಣಲ್ಲೇ ಕಂಡಿರಬೇಕು, ಹಾಳೆಯ ಮೇಲೆ ಅಂಗೈ ಇಟ್ಟು, ‘ಅದೊಂದ ಓದ್ಬ್ಯಾಡ ಕಣೆ’ ಅಂದರು.

‘ನಾನ್ ಓದಲ್ಲ. ನೀವ್ ಓದಿ’ ಅಂದೆ.

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಕಾಗದ ಇಸಿದುಕೊಂಡರು. ಭಾವ ಏನೋ ಹೇಳಲು ಬಂದರು, ನನ್ನ ಗಂಡ ಕೈ ಅಡ್ಡ ಹಿಡಿದು ಅಣ್ಣನ ಬಾಯಿ ಮುಚ್ಚಿಸಿದರು. ಸಾಲಿನ ಕೆಳಗೆ ಹೆಬ್ಬೆರಳು ಒತ್ತಿಕೊಂಡು, ಅಕ್ಷರ ಅಕ್ಷರ ಕೂಡಿಸಿ, ವಾರ್ಡಿಗೆಲ್ಲ ಕೇಳುವ ಹಾಗೆ ಓದಿದರು: ‘ಅಪರೂಪಕ್ಕೆ... ಸಾ... ವು... ಸಂ... ಭ... ವಿಸಬಹುದು.’

ಅಷ್ಟು ದಿನ ಅವರು ಒಬ್ಬರೇ ನುಂಗಿಕೊಂಡಿದ್ದ ಮಾತು ಅದು. ಓದಿ ಮುಗಿಸಿ ನನ್ನ ಮುಖ ನೋಡಿದರು, ನಾನು ಸತ್ತಿರಲಿಲ್ಲ. ಪೆನ್ನು ತೆಗೆದುಕೊಂಡು ಮೊದಲು ನಾನು ಸಹಿ ಹಾಕಿದೆ. ಆಮೇಲೆ ಅವರು ಹಾಕಿದರು.